ನಲವತ್ತೆರಡು ಖಾನೆಗಳ ವಸತಿಗೃಹದ ಬಗ್ಗೆ

ನೌಕರರ ವಸತಿಗೃಹಗಳ ಒಪ್ಪ-ಓರಣ ಶಾಖೆ, ವಾಡಿ

(ಇಲಾಖೆಯ ಹೆಸರು ಹಾಳೆಯ ಹರಿದ ತುದಿಯೊಂದಿಗೆ ಹೋಗಿರುತ್ತದೆ. ತಲೆಬರಹದಲ್ಲಿ 'ಮೈಸೂರು' ಎಂದಿರುವಲ್ಲಿ 'ಕರ್ನಾಟಕ' ಎಂದು ಓದಿಕೊಳ್ಳತಕ್ಕದ್ದು. ಹಳೆಯ ಹಾಳೆಗಳು ಇನ್ನೂ ಹನ್ನೊಂದು ರೀಮು ಉಳಿದಿದ್ದು, ಅವು ಮುಗಿಯುವವರೆಗೆ ರಾಜ್ಯದ ಹೆಸರನ್ನು ಮತ್ತೆ ಬದಲಾಯಿಸದಂತೆ ಸಂಬಂಧಪಟ್ಟವರನ್ನು ಕೋರಲಾಗಿದೆ.)

ಸಂಖ್ಯೆ: ಒ.ಓ.ಶಾ./ಡಬ್ಬಿ/42/1974-75
ದಿನಾಂಕ: 23-12-1974

ಸುತ್ತೋಲೆ

ವಿಷಯ: ವಸತಿಗೃಹಗಳಲ್ಲಿ ಅಡಚಣೆ ನಿವಾರಿಸಿ, ಕೆಲಸಕ್ಕೆ ಬಾರದ ಡಬ್ಬಿ, ಛತ್ರಿ, ಪೈಜಾಮ ಇತ್ಯಾದಿಗಳನ್ನು ಕೆಲಸಕ್ಕೆ ಹಚ್ಚುವ ಬಗ್ಗೆ, ಹಾಗೂ 'ಖಾನೆ' ಎಂಬ ಪದವನ್ನು ಬರೆಯುವ ಮುನ್ನ ಇಬ್ಬರನ್ನಾದರೂ ಕೇಳುವ ಬಗ್ಗೆ.

ಉಲ್ಲೇಖ:
(1) ಈ ಶಾಖೆಯ ಅಡಚಣೆ ನಿವಾರಣಾ ಸುತ್ತೋಲೆ, ದಿ. 3-6-1974.
(2) ವಸತಿಗೃಹ ಕೋರಿಕೆ ನಮೂನೆ, ವಿಶೇಷವಾಗಿ ಅದರ ಖಾನೆ 7.
(3) 9ನೇ ನಂಬರಿನ ವಸತಿಗೃಹಕ್ಕೆ ನೀಡಿದ ನೋಟೀಸು, ದಿ. 9-12-1974.
(4) ವಿಚಾರಣಾ ವರದಿ, ದಿ. 16-12-1974. (ಮೂರನೆಯ ಪುಟದಲ್ಲಿರುವ ಪುಂಡಿಪಲ್ಯದ ಕಲೆಯನ್ನು ವರದಿಯ ಭಾಗವೆಂದು ಪರಿಗಣಿಸತಕ್ಕದ್ದಲ್ಲ.)
(5) ಶ್ರೀಮತಿ ಜಾನಬಿ ಇವರು ಮುಖ್ಯ ಗುಮಾಸ್ತರ ಮೇಜಿನ ಮುಂದೆ ನಿಂತು ಸಲ್ಲಿಸಿದ ಬಾಯಿಮಾತಿನ ಮನವಿ, ದಿ. 20-12-1974.

1. ಉಲ್ಲೇಖ (1)ರ ಸುತ್ತೋಲೆಯಲ್ಲಿ ವಾಡಿಯ ಹತ್ತು ವಸತಿಗೃಹಗಳ ನಿವಾಸಿಗಳಿಗೆ, ನಿರುಪಯುಕ್ತ ಸಾಮಾನನ್ನು ಮನೆಯೊಳಗೆ ಇಡತಕ್ಕದ್ದಲ್ಲವೆಂದೂ, ಮನೆಯ ಹೊರಗೆ ಎಸೆಯತಕ್ಕದ್ದಲ್ಲವೆಂದೂ, ರದ್ದಿಯವನಿಗೆ ಹಾಕತಕ್ಕದ್ದಲ್ಲವೆಂದೂ ಸೂಚಿಸಲಾಗಿತ್ತು. ಒಪ್ಪವಿಲ್ಲದ ಮನೆಗೆ ಇಲಾಖೆಯ ಒಪ್ಪಿಗೆಯಿಲ್ಲವೆಂದು ಕೊನೆಯಲ್ಲಿ ಎಚ್ಚರಿಸಲಾಗಿತ್ತು. ಒಂಬತ್ತು ಮನೆಗಳವರು ಸದರಿ ಸುತ್ತೋಲೆಯನ್ನು ಗೌರವದಿಂದ ಸ್ವೀಕರಿಸಿ, ಓದಿ, ಸಂಡಿಗೆ ಒಣಹಾಕಲು ಹಾಸಿರುವುದು ಕಂಡುಬಂದಿರುತ್ತದೆ. ಈ ಬಳಕೆಯು ಸುತ್ತೋಲೆಯ ಉದ್ದೇಶಕ್ಕೆ ಅನುಗುಣವಾಗಿಯೇ ಇರುವುದರಿಂದ ಕ್ರಮ ಜರುಗಿಸಿರುವುದಿಲ್ಲ.

2. ಸುತ್ತೋಲೆಯನ್ನು ಅಕ್ಷರಶಃ ಪಾಲಿಸಿದವರು 9ನೇ ನಂಬರಿನ ಜಾನಬಿ ಒಬ್ಬರೇ. ಇವರ ಯಜಮಾನರಾದ ಹಾಜಿಮಲಂಗ್ ಇಲಾಖೆಯ ಸ್ಟೋರಿನಲ್ಲಿ ಹದಿನಾರು ವರ್ಷಗಳಿಂದ ಜವಾನರಾಗಿರುತ್ತಾರೆ. ಮನೆಯೆಂದರೆ ಹತ್ತಡಿಗೆ ಹನ್ನೆರಡಡಿಯ ಒಂದೇ ಕೋಣೆ, ಶಹಾಬಾದ ಫರಸಿಕಲ್ಲಿನ ನೆಲ, ಒಂದು ಕಿಟಕಿ. ಅದರೊಳಗೆ ಗಂಡ, ಹೆಂಡತಿ, ಅತ್ತೆ ಸೈದಾನಬಿ, ನಾಲ್ಕು ಗಂಡುಮಕ್ಕಳು. ಸಾಮಾನನ್ನು ಒಳಗೂ ಇಡಬಾರದು, ಹೊರಗೂ ಒಗೆಯಬಾರದು ಎಂದರೆ ಏನು ಮಾಡಬೇಕೆಂದು ಜಾನಬಿ ಎರಡು ದಿನ ಯೋಚಿಸಿದರು. ಇಲಾಖೆಯಲ್ಲಿ ಕೆಲಸಕ್ಕೆ ಬಾರದವರನ್ನು ತೆಗೆದುಹಾಕದೆ ಬೇರೆ ಹುದ್ದೆಗೆ ವರ್ಗಾಯಿಸುವ ಪದ್ಧತಿಯಿದೆ ಎಂಬುದನ್ನು ಗಂಡನ ಬಾಯಿಂದ ಕೇಳಿ ಬಲ್ಲವರಾದ್ದರಿಂದ, ಮೂರನೆಯ ದಿನ ಅದನ್ನೇ ಮನೆಯ ಸಾಮಾನಿಗೂ ಅನ್ವಯಿಸಿದರು.

3. ಹೀಗೆ ವರ್ಗಾವಣೆಗೊಂಡ ಸಾಮಾನಿನ ವಿವರ, ಹಾಗೂ ಅದನ್ನು ನೋಡಿ ಮಾಡಬಯಸುವ ಇತರ ನಿವಾಸಿಗಳಿಗೆ ಸೂಚನೆಗಳು ಈ ಕೆಳಕಂಡಂತಿವೆ:

(ಅ) ಚಿಮಣಿ ಎಣ್ಣೆಯ ಆರು ಖಾಲಿ ಡಬ್ಬಿಗಳನ್ನು ಉದ್ದಕ್ಕೆ ಸೀಳಿ ಹನ್ನೆರಡು ಮಾಡಿ, ಒಡೆದ ಫರಸಿ ತುಂಡುಗಳ ಆಸರೆಯಲ್ಲಿ ಗೋಡೆಗೆ ಒಂದರ ಮೇಲೊಂದು ಜೋಡಿಸಲಾಗಿದೆ. ಬೇಳೆ, ಬೆಲ್ಲ, ಮಕ್ಕಳ ಪಾಟಿ-ಬಳಪ, ಸೂಜಿದಾರಗಳಿಗೆ ಬೇರೆ ಬೇರೆ ಅರ್ಧ. ಡಬ್ಬಿಯ ವಾಸನೆ ಹೋಗುವ ಮೊದಲೇ ಬೆಲ್ಲವಿಟ್ಟವರು ಚಹಾ ಕುಡಿದ ಮೇಲೆ ಬೀಡಿ ಹಚ್ಚತಕ್ಕದ್ದಲ್ಲ.

(ಆ) ವನಸ್ಪತಿ ತುಪ್ಪದ ಒಂಬತ್ತು ಡಬ್ಬಿಗಳನ್ನು ಕಿಟಕಿಯ ಸರಳುಗಳಿಗೆ ತೂಗುಹಾಕಲಾಗಿದೆ. ಗಾಳಿಗೆ ಅವು ಒಂದಕ್ಕೊಂದು ತಾಗಿ ಸದ್ದು ಮಾಡುತ್ತವೆ. ಸದರಿ ಸದ್ದನ್ನು ಕಚೇರಿಯ ಗಂಟೆಯೆಂದು ತಿಳಿದು ಅರ್ಧ ತಾಸು ಮೊದಲೇ ಮನೆಗೆ ಹೋದ ನೌಕರರು, ಮರುದಿನ ಅರ್ಧ ತಾಸು ಮೊದಲೇ ಬರತಕ್ಕದ್ದು.

(ಇ) ಮೊಣಕಾಲಿನಲ್ಲಿ ಹರಿದು ನಿವೃತ್ತವಾದ ಪೈಜಾಮವೊಂದಕ್ಕೆ ತೇಪೆ ಹಾಕಿ, ಎರಡೂ ಕಾಲುಗಳ ತುದಿ ಹೊಲಿದು, ಲಾಡಿಯಿಂದ ಮೊಳೆಗೆ ಕಟ್ಟಿ, ಬಲಗಾಲಿನಲ್ಲಿ ಉಳ್ಳಾಗಡ್ಡಿಯನ್ನೂ ಎಡಗಾಲಿನಲ್ಲಿ ಬಳ್ಳೊಳ್ಳಿಯನ್ನೂ ತುಂಬಲಾಗಿದೆ. ಪೈಜಾಮದ ಮಾಲೀಕರು ಸೇವೆಯಲ್ಲಿದ್ದಲ್ಲಿ ಅವರ ಲಿಖಿತ ಸಮ್ಮತಿ ಪಡೆಯತಕ್ಕದ್ದು. ಉಳ್ಳಾಗಡ್ಡಿ ತುಂಬಿದ ಪೈಜಾಮವು ಅರೆಬೆಳಕಿನಲ್ಲಿ ಮೈಕೈ ತುಂಬಿದ ಗಂಡಸಿನಂತೆ ತೋರುವುದರಿಂದ, ಸಕ್ಕರೆ ಕೇಳಲು ಬಂದ 10ನೇ ನಂಬರಿನ ಗುರುಲಿಂಗಮ್ಮ ಇವರು ತಲೆಯ ಮೇಲೆ ಸೆರಗು ಹೊದ್ದು, ಸಕ್ಕರೆ ಕೇಳದೆ ವಾಪಸು ಹೋದ ಪ್ರಕರಣವೊಂದು ವರದಿಯಾಗಿದೆ. ಇಂಥ ಪೈಜಾಮಗಳಿಗೆ ಕಡ್ಡಾಯವಾಗಿ ಚೀಟಿ ಅಂಟಿಸತಕ್ಕದ್ದು.

(ಈ) ಬಟ್ಟೆ ಹೋದ ಛತ್ರಿಯನ್ನು ತಲೆಕೆಳಗು ಮಾಡಿ ಸೂರಿಗೆ ಕಟ್ಟಿ, ಎಂಟು ಕಡ್ಡಿಗಳಿಗೆ ಅಂಗಿ, ಕುಪ್ಪಸ, ಚೀಲಗಳನ್ನು ನೇತುಹಾಕಲಾಗಿದೆ. ಏಳು ಜನಕ್ಕೆ ಏಳು ಕಡ್ಡಿ, ಎಂಟನೆಯದು ಬಂದುಹೋಗುವವರಿಗೆ. ಮಳೆಗಾಲದಲ್ಲಿ ಅವಸರಕ್ಕೆ ಇದನ್ನೇ ಬಿಚ್ಚಿಕೊಂಡು ಹೊರಗೆ ಹೋಗತಕ್ಕದ್ದಲ್ಲ. ಹೋದಲ್ಲಿ ಹೋದವರೂ ನೆನೆಯುತ್ತಾರೆ, ಉಳಿದ ಆರು ಜನರ ಬಟ್ಟೆಯೂ ನೆನೆಯುತ್ತದೆ.

(ಉ) ಚಹಾಪುಡಿಯ ಒಂದು ಹಲಗೆ ಪೆಟ್ಟಿಗೆಗೆ ಅಡ್ಡಪಟ್ಟಿ ಬಡಿದು ನಾಲ್ಕು ಪಾಲು ಮಾಡಲಾಗಿದೆ. ಸಿಮೆಂಟಿನ ಗೋಣಿಚೀಲಕ್ಕೆ ಆರು ಜೇಬು ಹೊಲಿದು ಬಾಗಿಲ ಹಿಂದೆ ಚಪ್ಪಲಿಗಳಿಗೆಂದು ತೂಗುಹಾಕಲಾಗಿದೆ. ಏಳನೆಯ ಜೊತೆ ಚಪ್ಪಲಿ ಏಕಿಲ್ಲವೆಂಬುದನ್ನು ವಿಚಾರಿಸಲಾಗಿ, ಸೈದಾನಬಿಯವರು ಚಪ್ಪಲಿ ಹಾಕುವುದಿಲ್ಲವೆಂದು ತಿಳಿದುಬಂದಿರುತ್ತದೆ.

4. ಇಲ್ಲಿ ಒಂದು ಖಾಸಗಿ ವಿಷಯವನ್ನು ಸರಕಾರಿ ಕಾಗದದ ಮೇಲೆ ನಮೂದಿಸುವುದು ಅನಿವಾರ್ಯವಾಗಿರುತ್ತದೆ. ಜಾನಬಿಯವರ ಒಬ್ಬಳೇ ಮಗಳು ಲತೀಫಾ. ಶಹಾಬಾದಕ್ಕೆ ಕೊಟ್ಟಿದೆ. ಚೊಚ್ಚಲ ಬಸುರಿ, ಏಳನೆಯ ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬ ವಿಷಯದಲ್ಲಿ ಎರಡೂ ಕಡೆಯವರಿಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಲತೀಫಾಳ ಅತ್ತೆ ಜೈಬುನ್ನೀಸಾ ಇವರು ಒಮ್ಮೆ ಬಂದು 9ನೇ ನಂಬರನ್ನು ಕಣ್ಣಾರೆ ನೋಡಿ ಹೋದವರು. ಬಾಣಂತಿಗೆ ಪರದೆ ಕಟ್ಟಲು ಒಂದು ಕೋಣೆಯಿದ್ದರೆ ಮಾತ್ರ ಕಳಿಸುತ್ತೇನೆ, ಅದೂ ಈ ತಿಂಗಳ ಇಪ್ಪತ್ತೇಳರೊಳಗೆ, ಎಂಟನೆಯ ತಿಂಗಳಿಗೆ ಬಿದ್ದರೆ ಹೊಸಲು ದಾಟಿಸುವುದಿಲ್ಲ ಎಂದು ಹೇಳಿಕಳಿಸಿದ್ದರು. ಅವರು ಗಟ್ಟಿಗಿತ್ತಿಯೇ ಹೊರತು ಕೆಟ್ಟವರಲ್ಲವೆಂದು ಜಾನಬಿಯವರೇ ಹೇಳಿಕೆ ನೀಡಿರುತ್ತಾರೆ.

5. ಇದೇ ಸಮಯಕ್ಕೆ, ಎರಡು ಕೋಣೆಗಳ 3ನೇ ನಂಬರಿನ ವಸತಿಗೃಹವು ಅಲ್ಲಿದ್ದವರಿಗೆ ಕುಂಚಾವರಂ ಕಡೆಗೆ ವರ್ಗವಾದ್ದರಿಂದ ತೆರವಾಯಿತು. ಬೇಕಾದವರು ನಮೂನೆ ತುಂಬಿಕೊಡಲು ಸೂಚಿಸಲಾಯಿತು. ಸದರಿ ನಮೂನೆಯನ್ನು ಸಿದ್ಧಪಡಿಸಿದವರು ಮುಖ್ಯ ಗುಮಾಸ್ತ ಅಂಬರಾಯ. ಈಗಿರುವ ಮನೆಯಲ್ಲಿ ಎಷ್ಟು ಕೊಠಡಿಗಳಿವೆ ಎಂದು ಅವರು ಕೇಳಬೇಕಾಗಿತ್ತು. (ಹಿಂದಿನ ವಾಕ್ಯದಲ್ಲಿ 'ಠ' ಅಕ್ಷರವನ್ನು ಕೈಯಿಂದ ತುಂಬಲಾಗಿದೆ.) ಕಚೇರಿಯ ಟೈಪು ಯಂತ್ರದಲ್ಲಿ ಸದರಿ ಅಕ್ಷರ ಮುರಿದಿದ್ದರಿಂದಲೂ, 'ಕೋಣೆ' ಎಂದು ಬರೆದರೆ ದನದ ತಪಾಸಣೆಯೆಂದು ತಿಳಿದು ಕೋಣಗಳ ಲೆಕ್ಕ ಬಂದೀತೆಂಬ ದೂರದೃಷ್ಟಿಯಿಂದಲೂ, ಉರ್ದು ಶಾಲೆಯಲ್ಲಿ ಕಲಿತ ಅಂಬರಾಯರು ದಿವಾನಖಾನೆ, ಬಾವರ್ಚಿಖಾನೆಗಳನ್ನು ನೆನೆದು, "ಖಾನೆ 7: ಮನೆಯಲ್ಲಿರುವ ಒಟ್ಟು ಖಾನೆಗಳು" ಎಂದು ಹೊಡೆಸಿದರು.

6. ಬಂದ ಉತ್ತರಗಳನ್ನು ಪರಿಶೀಲಿಸಲಾಗಿ, 2ನೇ ನಂಬರಿನವರು ನಮೂನೆಯಲ್ಲಿಯೇ ಇದ್ದ ಖಾನೆಗಳನ್ನು ಎಣಿಸಿ 'ಹನ್ನೆರಡು' ಎಂದು ಬರೆದಿರುವುದೂ, 5ನೇ ನಂಬರಿನ ಡ್ರೈವರ್ ಮಶಾಕ 'ಖಾನಾ' ಎಂದರೆ ಊಟವಲ್ಲವೇ ಎಂದುಕೊಂಡು 'ದಿನಕ್ಕೆ ಎರಡು ಸಲ, ರಂಜಾನಿನಲ್ಲಿ ಬೇರೆ ಹಿಸಾಬು' ಎಂದು ಬರೆದಿರುವುದೂ, ಅವರನ್ನು ಕೇಳಿ ಬರೆದ ಗುರುಲಿಂಗಮ್ಮ 'ಎರಡು, ಸೋಮವಾರ ಒಂದೇ' ಎಂದಿರುವುದೂ ಕಂಡುಬಂದಿರುತ್ತದೆ. ಸ್ಟೋರಿನಲ್ಲಿ ಹದಿನಾರು ವರ್ಷ ನಟ್ಟು-ಬೋಲ್ಟುಗಳನ್ನು ಖಾನೆಗಳಲ್ಲಿ ಎತ್ತಿಟ್ಟ ಹಾಜಿಮಲಂಗ್ ಅವರಿಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. ಅವರು ಮನೆಗೆ ಹೋಗಿ, ಹೆಂಡತಿಯನ್ನು ಮುಂದೆ ನಿಲ್ಲಿಸಿಕೊಂಡು, ಡಬ್ಬಿ, ಪೆಟ್ಟಿಗೆ, ಕಡ್ಡಿ, ಜೇಬು, ಪೈಜಾಮದ ಕಾಲು ಎಲ್ಲ ಎಣಿಸಿ, 'ನಲವತ್ತೆರಡು' ಎಂದು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆದರು.

7. ಒಂದು ಕೋಣೆಯ ಸರಕಾರಿ ಮನೆಯಲ್ಲಿ ಜವಾನರೊಬ್ಬರು ನಲವತ್ತೊಂದು ಕೋಣೆಗಳನ್ನು ಅನಧಿಕೃತವಾಗಿ ಕಟ್ಟಿಸಿಕೊಂಡಿರುವುದು ಶಾಖೆಯ ಗಮನಕ್ಕೆ ಬಂದಿತು. ನೂರಿಪ್ಪತ್ತು ಚದರಡಿಯಲ್ಲಿ ನಲವತ್ತೆರಡು ಕೋಣೆಗಳೆಂದರೆ ಕೋಣೆಯೊಂದಕ್ಕೆ ಮೂರು ಚದರಡಿಯೂ ಬೀಳುವುದಿಲ್ಲ. ಅಷ್ಟರಲ್ಲಿ ಮನುಷ್ಯರು ಇರುವುದು ಕಷ್ಟವಾದರೂ ನಿಯಮಬಾಹಿರವಲ್ಲವೆಂದು ಅಂಬರಾಯರು ಟಿಪ್ಪಣಿ ಬರೆದು, ಹೆಚ್ಚುವರಿ ಕೋಣೆಗಳನ್ನು ಕೆಡವತಕ್ಕದ್ದು, ಇಲ್ಲವೇ ಮನೆ ಖಾಲಿ ಮಾಡತಕ್ಕದ್ದು ಎಂದು ಉಲ್ಲೇಖ (3)ರ ನೋಟೀಸು ಹೊರಡಿಸಿದರು. 3ನೇ ನಂಬರಿಗಾಗಿ ಸಲ್ಲಿಸಿದ ಕೋರಿಕೆಯನ್ನು ಅಲ್ಲಿಯವರೆಗೆ ತಡೆಹಿಡಿಯಲಾಯಿತು.

8. ನೋಟೀಸನ್ನು ಹಾಜಿಮಲಂಗ್ ಎರಡು ಸಲ ಓದಿ ಫರಸಿಯ ಮೇಲೆ ಕುಳಿತುಬಿಟ್ಟರು. ಸೈದಾನಬಿಯವರು, ಇಷ್ಟೊಂದು ಕೋಣೆಗಳಿದ್ದೂ ಇಷ್ಟು ದಿನ ತನ್ನನ್ನು ಬಾಗಿಲ ಬಳಿ ಮಲಗಿಸಿದ್ದೇಕೆಂದು ಸೊಸೆಯನ್ನು ವಿಚಾರಿಸಿದರು. ಜಾನಬಿಯವರಿಗೆ ನಗು ಬಂದರೂ, ಮಗಳ ದಿನಗಳನ್ನು ಬೆರಳಿನಲ್ಲಿ ಎಣಿಸುತ್ತಿದ್ದಂತೆ ಅದು ಹೊರಟುಹೋಯಿತು. ಮಗಳಿಗೊಂದು ಕೋಣೆ ಕೇಳಲು ಹೋಗಿ, ಇದ್ದ ಕೋಣೆಯೂ ಕೈಬಿಡುವ ಪರಿಸ್ಥಿತಿ ಉದ್ಭವಿಸಿತ್ತು.

9. ವಿಚಾರಣೆಗೆಂದು ಸೇಡಂನಿಂದ ರೇವಣಪ್ಪ ಎಂಬ ಅಧಿಕಾರಿಗಳು ಅಳತೆಯ ಟೇಪಿನೊಂದಿಗೆ ಆಗಮಿಸಿದರು. ನಲವತ್ತೆರಡು ಕೋಣೆಗಳ ಮನೆಯ ಬಾಗಿಲನ್ನು ಹುಡುಕುತ್ತ ಅವರು 9ನೇ ನಂಬರಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿದ್ದನ್ನು ಗುರುಲಿಂಗಮ್ಮ ನೋಡಿರುತ್ತಾರೆ. ಒಳಗೆ ಕಾಲಿಟ್ಟ ಮೇಲೆ ಮಾತ್ರ ಎಲ್ಲವೂ ತಿಳಿಯಿತು. ಆದರೆ ತಿಳಿದದ್ದನ್ನು ಬರೆಯಲು ನಮೂನೆಯಲ್ಲಿ ಜಾಗವಿರಲಿಲ್ಲ. 'ಖಾನೆಗಳನ್ನು ಎಣಿಸಿ ವರದಿ ಮಾಡತಕ್ಕದ್ದು' ಎಂದಿದ್ದುದರಿಂದ ಅವರು ಖಾನೆಗಳನ್ನೇ ಎಣಿಸತೊಡಗಿದರು. ನಡುವೆ ಹಾಜಿಮಲಂಗ್ ಬಾಗಿಲಿನಿಂದ, ಖಾನಾ ತಯಾರಿದೆ ಎಂದಾಗ, ಇನ್ನೊಂದು ಕೋಣೆ ಈಗಷ್ಟೇ ತಯಾರಾಯಿತೆಂದು ತಿಳಿದು ಅಧಿಕಾರಿಗಳು ಟೇಪು ಹಿಡಿದು ಎದ್ದರು. ಗುರುಲಿಂಗಮ್ಮ ತಂದಿಟ್ಟ ಜೋಳದ ರೊಟ್ಟಿ, ಪುಂಡಿಪಲ್ಯವನ್ನು ನೋಡಿ ಟೇಪು ಸುತ್ತಿಟ್ಟು ಕುಳಿತರು.

10. ಊಟವಾದ ಮೇಲೆ ಎಣಿಕೆ ಮುಂದುವರಿದು, ಡಬ್ಬಿ ಹನ್ನೆರಡು, ತೂಗುಡಬ್ಬಿ ಒಂಬತ್ತು, ಪೈಜಾಮದ ಕಾಲು ಎರಡು, ಪೆಟ್ಟಿಗೆಯ ಪಾಲು ನಾಲ್ಕು, ಛತ್ರಿಯ ಕಡ್ಡಿ ಎಂಟು, ಜೇಬು ಆರು, ಒಟ್ಟು ನಲವತ್ತೊಂದಕ್ಕೆ ನಿಂತಿತು. ಅನಧಿಕೃತ ಕಟ್ಟಡಕ್ಕಿಂತ ಸುಳ್ಳು ಮಾಹಿತಿ ದೊಡ್ಡ ಅಪರಾಧವೆಂಬುದು ಹಾಜಿಮಲಂಗ್ ಅವರಿಗೂ ಗೊತ್ತಿತ್ತು, ರೇವಣಪ್ಪನವರಿಗೂ ಗೊತ್ತಿತ್ತು. "ಒಂದು ಕಮ್ಮಿ ಬೀಳಲಿಕತ್ತದಲ್ಲವ್ವ," ಎಂದು ರೇವಣಪ್ಪನವರು ಪೆನ್ನು ಎತ್ತಿ ಹಿಡಿದರು. "ನಾ ಏನಂತ ಬರೀಲಿ?"

ಜಾನಬಿಯವರು ಮಂಚದ ಕೆಳಗಿನಿಂದ ಹಳೆಯ ತಗಡಿನ ಟ್ರಂಕೊಂದರ ಮುಚ್ಚಳವನ್ನು ಎಳೆದು ತೋರಿಸಿದರು. ಅಂಗಾತ ಇಟ್ಟ ಆ ಮುಚ್ಚಳದೊಳಗೆ, ತೊಳೆದು ತೊಳೆದು ಮೆತ್ತಗಾದ ಸೀರೆಯ ಮಡಿಕೆಗಳನ್ನು ಹಾಸಲಾಗಿತ್ತು. ಒಳಗೆ ಏನೂ ಇರಲಿಲ್ಲ.

"ಇದು ಖಾಲಿ ಇಟ್ಟೀನ್ರಿ ಸಾಹೇಬ್ರ. ಇದರಾಗ ಬರೋದು ಇನ್ನಾ ಬಂದಿಲ್ಲ."

ಅಧಿಕಾರಿಗಳು ಪೆನ್ನನ್ನು ಹಾಳೆಯ ಮೇಲೆಯೇ ಊರಿ ಮುಚ್ಚಳವನ್ನು ನೋಡಿದರೆಂದು ವರದಿಯ ಆ ಜಾಗದಲ್ಲಿ ಹರಡಿದ ಶಾಯಿಯಿಂದ ತಿಳಿದುಬರುತ್ತದೆ. ನಂತರ, 'ಖಾನೆ 42: ಖಾಲಿ. ಕಾದಿರಿಸಲಾಗಿದೆ' ಎಂದು ನಮೂದಿಸಿರುತ್ತಾರೆ.

11. ವರದಿಯನ್ನು ಮಂಡಿಸಲಾಗಿ, ಅಂಬರಾಯರು ಅದರಲ್ಲಿನ 'ಖಾಲಿ' ಎಂಬ ಪದಕ್ಕೆ ಕೆಂಪು ಗೆರೆ ಎಳೆದು, ಮನೆಯಲ್ಲಿ ಖಾಲಿ ಜಾಗವಿದ್ದಾಗ ಇನ್ನೂ ದೊಡ್ಡ ಮನೆ ಕೊಡಲು ನಿಯಮದಲ್ಲಿ ಅವಕಾಶವಿಲ್ಲವೆಂದು ಬರೆದರು. ದಿ. 20ರಂದು ಜಾನಬಿಯವರು ಖುದ್ದಾಗಿ ಕಚೇರಿಗೆ ಬಂದು, ಖಾನೆ ಎಂದರೆ ಕೋಣೆಯಲ್ಲವೆಂದು ವಿವರಿಸಿದರು. ಅದು ತಮಗೂ ಈಗ ತಿಳಿದಿದೆಯೆಂದು ಅಂಬರಾಯರು ಒಪ್ಪಿಕೊಂಡರು. ಆದರೆ ನೋಟೀಸಿನಲ್ಲಿ ಕೋಣೆ ಎಂದು ಒಮ್ಮೆ ಬರೆದಾಗಿದೆ, ಹಿಂತೆಗೆದುಕೊಳ್ಳಬೇಕಾದರೆ ಕಡತವು ಗುಲಬರ್ಗಾಕ್ಕೆ ಹೋಗಿ, ಬೆಂಗಳೂರಿಗೆ ಹೋಗಿ, ತಿರುಗಿ ಬರಲು ನಾಲ್ಕು ತಿಂಗಳು ಹಿಡಿಯುತ್ತದೆ, ಅಲ್ಲಿಯವರೆಗೆ ಇಲಾಖೆಯ ದೃಷ್ಟಿಯಲ್ಲಿ ಅವು ನಲವತ್ತೆರಡು ಕೋಣೆಗಳೇ ಎಂದು ತಿಳಿಯಹೇಳಿದರು. ಇಪ್ಪತ್ತೇಳಕ್ಕೆ ಏಳು ದಿನ ಬಾಕಿಯಿತ್ತು. ಜಾನಬಿಯವರು ಮೇಜಿನ ಮೇಲಿದ್ದ ಕಡತವನ್ನು ನೋಡಿದರು, ಅಂಬರಾಯರನ್ನು ನೋಡಿದರು. ನಂತರ ಅತ್ಯಂತ ವಿನಯದಿಂದ ಈ ಕೆಳಕಂಡ ಮನವಿಯನ್ನು ಸಲ್ಲಿಸಿದರು:

"ನೋಟೀಸ್ ವಾಪಸ್ ತಗೋಬ್ಯಾಡ್ರಿ ಸಾಹೇಬ್ರ. ನಲವತ್ತೆರಡು ಕೋಣಿ ಅದಾವಂತ ನೀವೇ ಬರದೀರಿ, ಸಿಕ್ಕಾ ಹೊಡದೀರಿ. ಜವಾನನ ಹೇಣ್ತಿಗಿ ಇಷ್ಟ್ ದೊಡ್ಡ ಬಂಗ್ಲೆ ಯಾಕ್ರಿ? ಕಸಾ ಹೊಡದು ಹೊಡದು ನನ್ನ ನಡ ಬಿದ್ದುಹೋಗ್ಯಾದ. ಎರಡು ಕೋಣಿದು ಒಂದು ಸಣ್ಣ ಮನಿ ಇದ್ರ, ಅದರಾಗ ಹಾಕಿಬಿಡ್ರಿ ನಮಗ."

12. ಅಂಬರಾಯರು ಕಪಾಟಿನಿಂದ ನಿಯಮಾವಳಿಯನ್ನು ತೆಗೆದು, ಧೂಳು ಕೊಡವಿ, ನಿಂತುಕೊಂಡೇ ಓದಿದರು. ಐದಕ್ಕಿಂತ ಹೆಚ್ಚು ಕೋಣೆಗಳುಳ್ಳ ವಸತಿಗೃಹದಲ್ಲಿ ಜವಾನ ದರ್ಜೆಯ ನೌಕರರು ಒಂದು ದಿನವೂ ವಾಸಿಸತಕ್ಕದ್ದಲ್ಲವೆಂದೂ, ವಾಸಿಸುತ್ತಿರುವುದು ಕಂಡುಬಂದಲ್ಲಿ ಮೇಲಿನವರ ಅಪ್ಪಣೆಗೆ ಕಾಯದೆ ಕೂಡಲೇ ಚಿಕ್ಕ ಮನೆಗೆ ಇಳಿಸತಕ್ಕದ್ದೆಂದೂ ಅದರಲ್ಲಿ ಸ್ಪಷ್ಟವಾಗಿರುತ್ತದೆ. ಗುಲಬರ್ಗಾ ಬೇಡ, ಬೆಂಗಳೂರು ಬೇಡ. ಅಂಬರಾಯರು ಜಾನಬಿಯವರಿಗೆ ಕುರ್ಚಿ ತೋರಿಸಿ, "ಕುಂದ್ರಿ ಅಮ್ಮಾ," ಎಂದರು. ಈ ಕಚೇರಿಯಲ್ಲಿ ಮನವಿದಾರರಿಗೆ ಕುರ್ಚಿ ತೋರಿಸಿದ ಮೊದಲ ದಾಖಲೆ ಇದಾಗಿರುತ್ತದೆ.

13. ಆದ್ದರಿಂದ, ದರ್ಜೆ ಮೀರಿ ನಲವತ್ತೆರಡು ಕೋಣೆಗಳ ಬಂಗಲೆಯಲ್ಲಿ ವಾಸಿಸಿದ ತಪ್ಪಿಗಾಗಿ ಹಾಜಿಮಲಂಗ್ ಇವರನ್ನು ಸಕುಟುಂಬವಾಗಿ 3ನೇ ನಂಬರಿನ ಎರಡು ಕೋಣೆಗಳಿಗೆ ಈ ಮೂಲಕ ಇಳಿಸಿ ಆದೇಶಿಸಲಾಗಿದೆ. ಕುಟುಂಬವು ಶಿಕ್ಷೆಯನ್ನು ತಲೆಬಾಗಿ ಒಪ್ಪಿಕೊಂಡು, ಇಂದು ಮುಂಜಾನೆಯಿಂದಲೇ ಅನುಭವಿಸತೊಡಗಿರುತ್ತದೆ. ಒಳಕೋಣೆಗೆ ಪರದೆ ಕಟ್ಟಲಾಗಿದೆ.

14. ಮುಂದುವರಿದು ಸೂಚಿಸುವುದೇನೆಂದರೆ:

(ಅ) ಎಲ್ಲ ಖಾನೆಗಳೂ ಒಂದು ತಳ್ಳುಬಂಡಿಯಲ್ಲಿ, ಎರಡು ಸುತ್ತಿನಲ್ಲಿ 3ನೇ ನಂಬರಿಗೆ ಹೋಗಿರುತ್ತವೆ. ಬಂಡಿಯ ಮೇಲೆ ಇರುವಷ್ಟು ಹೊತ್ತು ಅವು ಡಬ್ಬಿಗಳೆಂದೇ ಪರಿಗಣಿಸಲ್ಪಡತಕ್ಕದ್ದು. ಹೊಸ ಮನೆಯಲ್ಲಿ ಅವುಗಳನ್ನು ಯಾರೂ ಎಣಿಸತಕ್ಕದ್ದಲ್ಲ. ಎಣಿಸಿದಲ್ಲಿ, ಅಲ್ಲಿನ ಎರಡು ಕೋಣೆಗಳೂ ಸೇರಿ ಮೊತ್ತ ನಲವತ್ತನಾಲ್ಕಾಗುವ ಅಪಾಯವಿದೆ.

(ಆ) ತೆರವಾದ 9ನೇ ನಂಬರು ಕಡತದ ಪ್ರಕಾರ ನಾಲ್ಕು ತಿಂಗಳು ನಲವತ್ತೆರಡು ಕೋಣೆಗಳ ಬಂಗಲೆಯಾಗಿಯೇ ಮುಂದುವರಿಯುವುದರಿಂದ, ಅದನ್ನು ಬೆಂಗಳೂರಿನಿಂದ ತಪಾಸಣೆಗೆ ಬರುವ ಹಿರಿಯ ಅಧಿಕಾರಿಗಳಿಗೆ ಮೀಸಲಿಡಲಾಗಿದೆ. ಪರಿವಾರದೊಂದಿಗೆ ಬರುವವರು ಸರತಿಯ ಮೇಲೆ ಒಳಗೆ ಹೋಗತಕ್ಕದ್ದು.

(ಇ) ಇನ್ನು ಮುಂದೆ ಈ ಶಾಖೆಯ ಕಾಗದಗಳಲ್ಲಿ 'ಖಾನೆ' ಎಂದರೆ ಬೆಳಿಗ್ಗೆ ಹನ್ನೊಂದರವರೆಗೆ ಡಬ್ಬಿ, ಹನ್ನೊಂದರಿಂದ ಒಂದರವರೆಗೆ ನಮೂನೆಯ ಅಂಕಣ, ಒಂದರಿಂದ ಎರಡರವರೆಗೆ ಊಟ. ಎರಡರ ನಂತರ ಸದರಿ ಪದವನ್ನು ಬಳಸತಕ್ಕದ್ದಲ್ಲ.

(ಈ) ಈ ಪ್ರಕರಣದ ಸಂಪೂರ್ಣ ಹೊಣೆ ಟೈಪು ಯಂತ್ರದ್ದೆಂದು ನಿರ್ಣಯಿಸಲಾಗಿದೆ. ಅದಕ್ಕೆ ಕಾರಣ ಕೇಳಿ ನೋಟೀಸು ನೀಡಬೇಕಾಗಿದ್ದು, ಸದರಿ ನೋಟೀಸನ್ನು ಅದರಲ್ಲಿಯೇ ಟೈಪು ಮಾಡುವುದು ನ್ಯಾಯವೇ ಎಂಬುದು ಪರಿಶೀಲನೆಯಲ್ಲಿದೆ.

ಶಾಖಾಧಿಕಾರಿಗಳ ಪರವಾಗಿ,
ಸಹಿ/-
(ಅಂಬರಾಯ)
ಮುಖ್ಯ ಗುಮಾಸ್ತರು

ಪ್ರತಿಗಳು:
1. ವಾಡಿ ವಸತಿಗೃಹಗಳ ಎಲ್ಲ ನಿವಾಸಿಗಳಿಗೆ. ಸಂಡಿಗೆ ಹಾಕುವ ಮುನ್ನ ಓದಿಕೊಳ್ಳಲು.
2. ಚಿತ್ತಾಪುರ, ಸೇಡಂ ಮತ್ತು ಚಿಂಚೋಳಿಯ ಉಪಶಾಖೆಗಳಿಗೆ. ಅಲ್ಲಿ ಯಾರಾದರೂ ಸುತ್ತೋಲೆಗಳನ್ನು ಪಾಲಿಸುತ್ತಿದ್ದಲ್ಲಿ ಕೂಡಲೇ ವರದಿ ಮಾಡಲು.
3. ಶ್ರೀ ರೇವಣಪ್ಪ, ವಿಚಾರಣಾಧಿಕಾರಿಗಳು, ಸೇಡಂ ಇವರಿಗೆ. ಮರೆತುಹೋದ ಟೇಪಿನೊಂದಿಗೆ.
4. ಶ್ರೀ ಮಶಾಕ, ಡ್ರೈವರ್ ಇವರಿಗೆ. ರಂಜಾನಿನ ಹಿಸಾಬನ್ನು ಪ್ರತ್ಯೇಕ ಹಾಳೆಯಲ್ಲಿ ಸಲ್ಲಿಸಲು.
5. ಶ್ರೀಮತಿ ಜೈಬುನ್ನೀಸಾ, ಶಹಾಬಾದ ಇವರಿಗೆ. ಕೋಣೆ ಇದೆ ಎಂಬುದಕ್ಕೆ ಸರಕಾರಿ ಪುರಾವೆಯಾಗಿ. ಈ ಪ್ರತಿಯನ್ನು ಖುದ್ದಾಗಿ ತರುವವರು ತಮ್ಮ ಬೀಗರಾದ ಹಾಜಿಮಲಂಗ್. ಲತೀಫಾ ಇವರನ್ನು ಸದರಿಯವರ ಜೊತೆ ಇಂದಿನ ಸಂಜೆಯ ಪ್ಯಾಸೆಂಜರಿನಲ್ಲಿಯೇ ಕಳಿಸಿಕೊಡತಕ್ಕದ್ದು.

(ಕ್ರಮ ಸಂಖ್ಯೆ 5ರ ಪ್ರತಿಯ ಹಿಂಬದಿಯಲ್ಲಿ, ಹೇಳಿ ಬರೆಸಿದ್ದು:)

ಮೇಲಿನ ಕಾಗದ ಮುಟ್ಟಿದೆ. ಸದರಿ ಕಾಗದದ ಮೇರೆಗೆ ಇಂದು ಸಂಜೆಯ ಗಾಡಿಗೆ ಒಬ್ಬಳನ್ನು ಕಳಿಸಲಾಗಿದೆ. ಹೆರಿಗೆಯಾಗಿ ನಲವತ್ತು ದಿನ ಕಳೆದ ಮೇಲೆ ಇಬ್ಬರನ್ನು ವಾಪಸು ಮಾಡತಕ್ಕದ್ದು.

ಜೈಬುನ್ನೀಸಾ
(ಎಡಗೈ ಹೆಬ್ಬೆಟ್ಟಿನ ಗುರುತು)